ಹುಲ್ಲಿಗೆ ಎರಡು ಬಕೆಟ್

"ಮೂವತ್ತನಾಲ್ಕು ಪಾಯಿಂಟ್ ಎಂಟು."

ಅವಳು ಗಟ್ಟಿಯಾಗಿಯೇ ಓದಿದಳು, ಯಾರಾದರೂ ಎದುರು ನಿಂತು ಅಲ್ಲ ಅನ್ನಲಿ ಎನ್ನುವ ಹಾಗೆ. ಅನ್ನುವವರು ಯಾರೂ ಇರಲಿಲ್ಲ. ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯ ಬಾಗಿಲು ತೆರೆದಿತ್ತು, ಒಳಗೆ ಥರ್ಮಾಮೀಟರಿನ ಪಾದರಸ ತನಗೇನೂ ಗೊತ್ತಿಲ್ಲ ಎಂಬಂತೆ ನಿಂತಿತ್ತು, ಹೊರಗೆ ಮೂರು ಗಂಟೆಯ ಬಿಸಿಲು ನೆತ್ತಿ ಸುಡುತ್ತಿತ್ತು. ಶುಕ್ರವಾರ ಇದೇ ಹೊತ್ತಿಗೆ ಇದೇ ಪೆಟ್ಟಿಗೆಯಲ್ಲಿ ಮೂವತ್ತಾರು ಪಾಯಿಂಟ್ ಏಳು ಇತ್ತು. ಇವತ್ತು ಸೋಮವಾರ. ನಡುವೆ ಮೋಡ ಬಂದಿಲ್ಲ, ಗಾಳಿ ತಿರುಗಿಲ್ಲ, ಸುತ್ತಲಿನ ಬೋಳು ಬೆಟ್ಟಗಳ ಮೇಲೆ ಒಂದು ಹನಿ ಬಿದ್ದಿಲ್ಲ. ಸೂರ್ಯ ರಜೆ ಹಾಕಿದ್ದನ್ನೂ ಯಾರೂ ನೋಡಿಲ್ಲ. ಹಾಗಾದರೆ ಎರಡು ಡಿಗ್ರಿ ಎಲ್ಲಿಗೆ ಹೋಯಿತು?

ಊರಿನವರ ಬಾಯಲ್ಲಿ ಅವಳು ಹವಾ ಮೇಡಂ. ಊರ ತುದಿಯ ದಿಬ್ಬದ ಮೇಲಿನ ಈ ಹವಾಮಾನ ಕೇಂದ್ರಕ್ಕೆ ಅವಳೊಬ್ಬಳೇ ವೀಕ್ಷಕಿ, ಒಬ್ಬಳೇ ಗುಮಾಸ್ತೆ, ಒಬ್ಬಳೇ ಕಸ ಗುಡಿಸುವವಳು. ದಿನಾ ಸಂಜೆ ಅಂದಿನ ಗರಿಷ್ಠ ಉಷ್ಣತೆಯನ್ನು ಬಸ್ ನಿಲ್ದಾಣದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದೂ ಅವಳದೇ ಕೆಲಸ. ಬರೆದು ಕೈ ಕೊಡವಿಕೊಳ್ಳುವಾಗ ಎದುರು ಅಂಗಡಿಯವನು ತಪ್ಪದೆ ಕೇಳುತ್ತಿದ್ದ: "ಏನ್ ಮೇಡಂ, ಬೇಸಿಗೇನ ನಿಮ್ಮ ಗೇಟಿನ ಹತ್ರಾನೇ ನಿಲ್ಲಿಸಿಬಿಡ್ತೀರಾ? ನಮ್ಮ ಅಂಗಡೀಲಿ ಬೆಣ್ಣೆ ಎಣ್ಣೆ ಆಗಿ ಕೂತಿದೆ." ಅವಳು ನಗುತ್ತಿದ್ದಳು. ಈಚೆಗೆ ನಗು ಬರುತ್ತಿರಲಿಲ್ಲ.

ನಗು ಬರದಿರಲು ಕಾರಣ ಈ ವಾರದ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಕೆಳಗಿನ ಬಯಲಿನ ಕಚೇರಿಗೆ ಹೋಗಬೇಕಾದ ಒಂದು ಹಾಳೆ: ಬೇಸಿಗೆಯ ಮೊದಲ ಭಾಗಕ್ಕೆ ಬೆಟ್ಟಸೀಮೆಯ ಹವಾಮಾನದ ಮುನ್ನೋಟ. ಅದಕ್ಕೊಂದು ಲೆಕ್ಕವಿದೆ. ಈ ಪೆಟ್ಟಿಗೆಯ ಅಂಕಿ ಹಳೆಯ ಮೂವತ್ತು ವರ್ಷದ ಸರಾಸರಿಗಿಂತ ಒಂದೂವರೆ ಡಿಗ್ರಿ ಮೇಲಿದ್ದರೆ 'ಸಾಮಾನ್ಯಕ್ಕಿಂತ ಹೆಚ್ಚು' ಎಂದು ಬರೆಯಬಹುದು. ಹಾಗೆ ಬರೆದರೆ ಮಾತ್ರ ಬೆಂಕಿ ಕಾವಲಿನವರಿಗೆ ಆಳು ಸಿಗುತ್ತದೆ. ಆಳು ಸಿಕ್ಕರೆ ಬಿಸಿಗಾಳಿ ಏಳುವ ಮೊದಲೇ ಬೆಟ್ಟದ ಒಣಹುಲ್ಲಿನ ನಡುವೆ ಅಗಲವಾದ ಪಟ್ಟಿ ಕೊಯ್ದು ನೆಲ ಬರಿದು ಮಾಡುತ್ತಾರೆ, ಮೇಲೆ ಹೊತ್ತಿದ ಬೆಂಕಿ ಅಲ್ಲಿಗೆ ಬಂದು ನಿಲ್ಲುತ್ತದೆ. ಹೋದ ವರ್ಷ ಅವಳೇ ತನ್ನ ಕೈಯಾರೆ 'ಸಾಮಾನ್ಯ' ಎಂದು ಬರೆದು ಕಳಿಸಿದ್ದಳು. ಪಟ್ಟಿ ಕೊಯ್ಯಲಿಲ್ಲ. ಬೆಂಕಿ ಊರಿನ ಮೇಲಿನ ಮನೆಗಳ ಬೆನ್ನಿಗೆ ಬಂದು ನಿಂತಿತು. ಬೆಂಕಿ ಕಾವಲಿನ ಮೇಸ್ತ್ರಿಯ ಎಡಗೈ ಮೊಣಕೈವರೆಗೂ ಬೆಂದಿತು. ಆ ಮೇಸ್ತ್ರಿ ಅವಳ ಗಂಡ.

ಅವನು ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ಒಂದು ಜಗಳವಾಗಿ ಮುಗಿಯುತ್ತಿತ್ತು. ಬದಲಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ದಿನಾ ಬೆಳಿಗ್ಗೆ ಅವಳ ಮುಂದೆ ಬಂದು ನಿಲ್ಲುತ್ತಿದ್ದ.

ಅದಕ್ಕೇ ಹೋದ ವಾರದ ಮೂರು ದಿನ ಅವಳಿಗೆ ಹಬ್ಬದ ಹಾಗಿದ್ದವು. ಬುಧವಾರ ಮೂವತ್ತೈದೂ ಎರಡು, ಗುರುವಾರ ಮೂವತ್ತಾರೂ ಒಂದು, ಶುಕ್ರವಾರ ಮೂವತ್ತಾರೂ ಏಳು. ಜನ ಸೆಕೆಗೆ ಬಾಯಿ ಬಾಯಿ ಬಿಡುತ್ತಿದ್ದರೆ ಇವಳು ಮಾತ್ರ ಸೀಮೆಸುಣ್ಣ ಹಿಡಿದು ಗೆದ್ದವಳಂತೆ ನಿಲ್ದಾಣಕ್ಕೆ ನಡೆದಿದ್ದಳು. ಶನಿವಾರ, ಭಾನುವಾರ ಇಳಿಯುತ್ತ ಬಂದು ಈಗ ಸೋಮವಾರಕ್ಕೆ ಎಲ್ಲ ಮಣ್ಣುಪಾಲು.

ಥರ್ಮಾಮೀಟರ್ ಬದಲಿಸಿ ನೋಡಿದಳು. ಕಪಾಟಿನಲ್ಲಿದ್ದ ಇನ್ನೊಂದನ್ನು ತಂದು ಪಕ್ಕದಲ್ಲಿಟ್ಟು ಅರ್ಧ ಗಂಟೆ ಕಾದಳು. ಅದೂ ಅದನ್ನೇ ಹೇಳಿತು. ಪೆಟ್ಟಿಗೆಯ ಜಾಲರಿಯಲ್ಲಿ ಜೇಡ ಗೂಡು ಕಟ್ಟಿದೆಯೇ ಎಂದು ಬೆರಳಾಡಿಸಿದಳು. ಸಿಟ್ಟಿನಲ್ಲಿ ಪೆಟ್ಟಿಗೆಯ ಕಾಲಿಗೆ ಒಂದು ಒದೆಯನ್ನೂ ಕೊಟ್ಟಳು. ಆಗ ಕಾಲಿಗೆ ತಣ್ಣಗಾಯಿತು.

ಕೆಳಗೆ ನೋಡಿದಳು. ಚಪ್ಪಲಿ ಒದ್ದೆ. ನೆತ್ತಿ ಉರಿಯುತ್ತಿದೆ, ಅಂಗಾಲು ತಂಪಾಗಿದೆ. ಬೇಲಿಯ ಒಳಗೆ, ಪೆಟ್ಟಿಗೆಯ ಸುತ್ತ, ಎರಡು ಕೋಣೆಯಷ್ಟಗಲದ ಹುಲ್ಲು ಹಚ್ಚಗೆ ಹಾಸಿಕೊಂಡಿದೆ. ಇಡೀ ಊರಿನಲ್ಲಿ ಹಸಿರು ಅನ್ನುವುದು ಅದೊಂದೇ. ಅದನ್ನು ನೋಡಲು ಮೇಕೆಗಳು ಬೇಲಿಗೆ ಮೂತಿ ಒತ್ತಿ ನಿಲ್ಲುತ್ತವೆ.

ಅಷ್ಟರಲ್ಲಿ ಗೇಟು ಕಿರ್ ಎಂದಿತು. ಸರಿಯಾಗಿ ನಾಲ್ಕು ಗಂಟೆ. ಬಲಗಣ್ಣಿಗೆ ಹಸಿರು ಬಟ್ಟೆಯ ಮರೆ ಕಟ್ಟಿಕೊಂಡ ಮಾವ, ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು, ಒಂದು ಹನಿಯೂ ತುಳುಕದಂತೆ ಬಂದರು.

"ಇಷ್ಟು ಹೊತ್ತು ಪೆಟ್ಟಿಗೆ ಬಾಗಿಲು ತೆಗೆದಿಟ್ಟಿದೀಯಲ್ಲಮ್ಮ? ಮುಚ್ಚು, ಮುಚ್ಚು," ಎಂದರು. ಚೊಂಬಿನಲ್ಲಿ ಮೊಗೆದು, ಮಗುವಿಗೆ ತಲೆಗೆ ಹಾಕುವಷ್ಟು ನಾಜೂಕಿನಿಂದ, ಬುಡದಿಂದ ಬುಡಕ್ಕೆ ನೀರು ಹಾಕತೊಡಗಿದರು. "ಮೂರು ದಿನ ನಾನಿಲ್ಲ ಅಂದ್ರೆ ಏನ್ ಗತಿ ಮಾಡಿಟ್ಟಿದ್ದೆ ಇದಕ್ಕೆ! ನೋಡು, ಎರಡೇ ದಿನಕ್ಕೆ ಹೇಗೆ ಎದ್ದು ಕೂತಿದೆ."

ಮಾವನ ಮೂರು ದಿನ. ಬುಧವಾರ ಬೆಳಿಗ್ಗೆ ಕಣ್ಣಿನ ಪೊರೆ ತೆಗೆಸಲು ಮಗನ ಜೊತೆ ಕೆಳಗಿನ ಆಸ್ಪತ್ರೆಗೆ ಹೋದವರು ಶನಿವಾರ ಬೆಳಿಗ್ಗೆ ಬಂದಿದ್ದರು. ಹೋಗುವಾಗ ಬಸ್ಸಿನ ಕಿಟಕಿಯಿಂದಲೂ ಹೇಳಿದ್ದರು, "ಬೆಳಿಗ್ಗೆ ಎರಡು, ಸಂಜೆ ಎರಡು, ಮರೀಬೇಡ." ಅವಳು ಮರೆತಿರಲಿಲ್ಲ. ಬೇಕಂತಲೇ ಹಾಕಿರಲಿಲ್ಲ.

ದಿನ ಬಿಟ್ಟು ದಿನ ಒಂದು ಗಂಟೆ ನೀರು ಬರುವ ಊರಿನಲ್ಲಿ ಆ ಹುಲ್ಲಿಗೆ ನೀರು ಎಲ್ಲಿಂದ? ಅವಳ ಸ್ನಾನದಿಂದ. ಒಂಬತ್ತು ವರ್ಷದಿಂದ ಆ ಮನೆಯವರೆಲ್ಲ ಅಗಲವಾದ ಒಂದು ನೀಲಿ ಟಬ್ಬಿನೊಳಗೆ ನಿಂತೇ ಸ್ನಾನ ಮಾಡಬೇಕು, ಮೈಮೇಲಿಂದ ಇಳಿದ ನೀರು ಟಬ್ಬಿನಲ್ಲಿ ನಿಲ್ಲಬೇಕು, ಅಲ್ಲಿಂದ ಬಕೆಟ್ಟಿಗೆ. ಪಾತ್ರೆ ತೊಳೆದ ನೀರು, ತರಕಾರಿ ತೊಳೆದ ನೀರು, ಎಲ್ಲಕ್ಕೂ ಮಾವನ ಹಕ್ಕು. "ಸೋಪು ಜಾಸ್ತಿ ಹಚ್ಕೋಬೇಡಮ್ಮ, ಹುಲ್ಲಿಗೆ ಆಗಲ್ಲ," ಎಂದು ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಬಚ್ಚಲ ಬಾಗಿಲ ಆಚೆಯಿಂದ ಹೇಳಿದ ಮಾವ ಈ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು. ಆ ಮೂರು ದಿನ ಅವಳು ಟಬ್ಬನ್ನು ಗೋಡೆಗೆ ಒರಗಿಸಿ, ಬರಿ ನೆಲದ ಮೇಲೆ ನಿಂತು, ನೊರೆ ನೊರೆಯಾಗಿ ಸೋಪು ಹಚ್ಚಿಕೊಂಡು, ನೀರು ಗಳಗಳ ಎಂದು ಮೋರಿಗೆ ಹೋಗುವುದನ್ನು ಕಣ್ತುಂಬ ನೋಡಿದ್ದಳು.

ನೀರಿಲ್ಲದ ಮೂರು ದಿನ. ಏರಿದ ಮೂರು ದಿನ.

ಮಾವ ಎರಡನೆಯ ಬಕೆಟ್ಟಿಗೆ ಚೊಂಬು ಅದ್ದಿದರು. ಅವಳು ಒದ್ದೆ ಹುಲ್ಲಿನ ಮೇಲೆ ಹಾಗೇ ಕುಸಿದು ಕೂತಳು.

"ಏನಾಯ್ತಮ್ಮ? ಬಿಸಿಲು ಹತ್ತಿತಾ?"

"ಇಲ್ಲ ಮಾವ," ಎಂದಳು. "ಇಲ್ಲಿ ಬಿಸಿಲೇ ಇಲ್ಲವಲ್ಲ."

*

ಬಯಲಿನ ಕಚೇರಿಯ ಮೇಲಧಿಕಾರಿ ಮಂಗಳವಾರ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. ಅವರ ಕೋಣೆಯಲ್ಲಿ ಏರ್ ಕಂಡೀಷನರ್ ಗೊರಗುಡುವುದು ಇವಳಿಗೂ ಕೇಳುತ್ತಿತ್ತು.

"ಹುಲ್ಲು ಇರಬೇಕು ಅಂತ ನಮ್ಮ ಕೈಪಿಡೀಲೇ ಇದೆಯಲ್ಲ ಮೇಡಂ."

"ತಾನಾಗಿ ಹುಲ್ಲು ಬೆಳೆಯೋ ಕಡೆ ಸರ್. ಇಲ್ಲಿ ತಾನಾಗಿ ಬೆಳೆಯೋದು ಕಲ್ಲು. ಇದನ್ನ ದಿನಾ ನಾಲ್ಕು ಬಕೆಟ್ ಹಾಕಿ ಸಾಕಿದೀವಿ. ನೀರು ಆರುವಾಗ ಸುತ್ತಲಿನ ಗಾಳಿ ತಂಪಾಗುತ್ತೆ, ಪೆಟ್ಟಿಗೆ ಆ ತಂಪನ್ನೇ ಅಳೀತಿದೆ. ಮೂವತ್ತು ವರ್ಷದ ಸರಾಸರಿ ಇದೆಯಲ್ಲ, ಅದು ಬರಿ ನೆಲದ್ದು. ಬರಿ ನೆಲದ ಅಂಕಿಗೆ ಹುಲ್ಲಿನ ಅಂಕಿ ಹೋಲಿಸ್ತಾ ಒಂಬತ್ತು ವರ್ಷದಿಂದ 'ಸಾಮಾನ್ಯ, ಸಾಮಾನ್ಯ' ಅಂತಿದೀವಿ."

"ಮೂರು ದಿನದ ಅಂಕಿ ಹಿಡಿದು ಒಂಬತ್ತು ವರ್ಷ ತಪ್ಪು ಅಂತ ನಾನು ಮೇಲಕ್ಕೆ ಹೇಗೆ ಬರೀಲಿ? ನಗ್ತಾರೆ. ಒಂದು ಕೆಲಸ ಮಾಡಿ. ನೀರು ಹಾಕಿದೋರು ಇದಾರಲ್ಲ, ಅವರ ಕೈಯಲ್ಲೇ ಬರೆಸಿ. ಯಾವಾಗಿಂದ ಹಾಕಿದ್ರು, ಎಷ್ಟು ಹಾಕಿದ್ರು, ಅದರಿಂದ ದಾಖಲೆ ಕೆಟ್ಟಿದೆ ಅಂತ. ಸಹಿ ಇರಲಿ. ಆಗ ನಿಮ್ಮ ಕೇಂದ್ರಾನ ಈ ಸಲಕ್ಕೆ ಪಕ್ಕಕ್ಕಿಟ್ಟು, ಕಣಿವೆ ಆಚೆ ಗಣಿಯ ಕೇಂದ್ರದ ಅಂಕಿ ತಗೋಬಹುದು. ಅಲ್ಲಿ ಎರಡೂ ಕಾಲು ಡಿಗ್ರಿ ಮೇಲಿದೆ."

"ಅಂದ್ರೆ ಅಲ್ಲಿ ಮೇಲಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಸರ್?"

"ನಿಮ್ಮದು ಹಳೇ ಕೇಂದ್ರ ಮೇಡಂ. ಪ್ರಶಸ್ತಿ ಪತ್ರ ಬಂದ ಕೇಂದ್ರ. ನಾವು ನಿಮ್ಮನ್ನೇ ನಂಬಿದ್ದು. ಶುಕ್ರವಾರ ಹನ್ನೆರಡು."

ಆ ಪ್ರಶಸ್ತಿ ಪತ್ರ ಅವರ ಮನೆಯ ನಡುಕೋಣೆಯಲ್ಲಿ ಗಾಜು ಹಾಕಿಸಿಕೊಂಡು ನೇತಾಡುತ್ತಿತ್ತು. ಆಗ ವೀಕ್ಷಕರಾಗಿದ್ದವರು ಮಾವ. ಮೂವತ್ತೆಂಟು ವರ್ಷ ಒಂದು ದಿನವೂ ತಪ್ಪಿಸದೆ ಪೆಟ್ಟಿಗೆಯ ಬಾಗಿಲು ತೆರೆದ ಮನುಷ್ಯ. ಊರಿನವರು ಡಿಗ್ರಿ ತಾತ ಎಂದು ಕರೆದರೆ ಅವರಿಗೆ ಒಳಗೊಳಗೇ ಖುಷಿ. ಒಂಬತ್ತು ವರ್ಷದ ಹಿಂದೆ ತಪಾಸಣೆಗೆ ಬಂದ ಯಾವನೋ ಅಧಿಕಾರಿ 'ಪೆಟ್ಟಿಗೆಯ ಸುತ್ತ ಹುಲ್ಲುಹಾಸು ಇಲ್ಲ' ಎಂದು ವರದಿಯಲ್ಲಿ ಗೀಚಿ ಹೋದ. ಆ ಒಂದು ಸಾಲು ಮಾವನಿಗೆ ಮುಳ್ಳಾಗಿ ಚುಚ್ಚಿತು. ಕಣಿವೆಯಿಂದ ಚೀಲಗಟ್ಟಲೆ ಮಣ್ಣು ಹೊತ್ತು ತಂದರು, ಹುಲ್ಲು ನೆಟ್ಟರು, ಟಬ್ಬು ಕೊಂಡರು. ಎರಡು ವರ್ಷಕ್ಕೆ 'ಅತ್ಯುತ್ತಮ ನಿರ್ವಹಣೆಯ ಕೇಂದ್ರ' ಎಂದು ಪತ್ರ ಬಂತು. ನಿವೃತ್ತರಾಗಿ ನಾಲ್ಕು ವರ್ಷವಾಯಿತು, ಪರೀಕ್ಷೆ ಬರೆದು ಅದೇ ಕುರ್ಚಿಗೆ ಸೊಸೆ ಬಂದಳು, ಬಕೆಟ್ ಮಾತ್ರ ಮಾವನ ಕೈ ಬಿಡಲಿಲ್ಲ.

ಅವರ ಮುಂದೆ ಈ ಮಾತು ಎತ್ತುವುದು ಹೇಗೆ? ಅವಳು ಗಂಡನನ್ನು ಮುಂದೆ ಮಾಡಲು ನೋಡಿದಳು.

"ನಿಮ್ಮಪ್ಪ. ನೀವೇ ಹೇಳಿ."

ಅವನು ಬೆಂಕಿ ಬಡಿಯುವ ಸಲಿಕೆಗಳ ಹಿಡಿಗೆ ಎಣ್ಣೆ ತಿಕ್ಕುತ್ತಿದ್ದ. ಎಡಗೈ ಚರ್ಮ ಸುಕ್ಕು ಸುಕ್ಕಾಗಿ ಮಿರುಗುತ್ತಿತ್ತು.

"ನಾನು ಹೇಳಲ್ಲ ಕಣೇ. ನನ್ನ ಕೈ ತೋರಿಸಿ, ಇದು ನಿನ್ನ ಹುಲ್ಲಿಂದ ಆಗಿದ್ದು ಅಂತ ಹೇಳ್ಲಾ? ಕಣ್ಣು ಬೇರೆ ಆಪರೇಷನ್ ಆಗಿದೆ."

"ಹಾಗಾದ್ರೆ ಈ ಸಲ ಇನ್ನೊಂದು ಕೈ ಸುಟ್ಕೊಳ್ಳಿ. ಎರಡೂ ಒಂದೇ ಥರ ಕಾಣುತ್ತೆ."

ಅವನು ನಕ್ಕ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಂಡಸರು ನಗುವುದನ್ನು ಎಲ್ಲಿ ಕಲಿತುಬರುತ್ತಾರೋ, ಬೇಡದ ಹೊತ್ತಿಗೆ ಸರಿಯಾಗಿ ತೆಗೆಯುತ್ತಾರೆ.

ಕೊನೆಗೆ ಅವಳೇ ಹೇಳಿದಳು, ಬುಧವಾರ ಬೆಳಿಗ್ಗೆ, ಮಾವ ಬಕೆಟ್ ಎತ್ತುವ ಮೊದಲು. ಆದಷ್ಟು ಮೆತ್ತಗೆ ಹೇಳಿದಳು. ಮೂರು ದಿನದ ಅಂಕಿ ಮುಂದಿಟ್ಟಳು, ಗಣಿಯ ಕೇಂದ್ರದ ಅಂಕಿ ಹೇಳಿದಳು, ಬಿಳಿ ಹಾಳೆ ಮತ್ತು ಪೆನ್ನು ಇಟ್ಟಳು. ಮಾವ ಒಂದು ಕಣ್ಣಿನಿಂದ ಆ ಹಾಳೆಯನ್ನು ನೋಡಿದರು.

"ಏನ್ ಬರೀಬೇಕು ಇದರಲ್ಲಿ?"

"ಯಾವಾಗಿಂದ ನೀರು ಹಾಕ್ತಿದೀರಿ, ಎಷ್ಟು, ಅಷ್ಟೇ ಮಾವ. ಅದರಿಂದ... ದಾಖಲೆ ಸ್ವಲ್ಪ ಹೆಚ್ಚುಕಡಿಮೆ ಆಗಿದೆ ಅಂತ."

"ನನ್ನ ದಾಖಲೆ."

"ನಮ್ಮ ದಾಖಲೆ."

"ಸಹಿ ಹಾಕಬೇಕಾ?"

"ಹೌದು."

"ನಾನು ದಿನಾ ಸಹಿ ಹಾಕಿದೀನಮ್ಮ," ಎಂದರು. ದನಿ ಏರಿಸಲಿಲ್ಲ. "ಮೂವತ್ತೆಂಟು ವರ್ಷ ದಿನಾ ಹಾಕಿದೀನಿ. ಈಗ ಹೊಸದಾಗಿ ಒಂದು ಬೇಕಾ ಅವರಿಗೆ?" ಬಕೆಟ್ ಎತ್ತಿಕೊಂಡು ಹೊರಟೇಬಿಟ್ಟರು.

ಅಲ್ಲಿಂದ ಶುರುವಾಯಿತು. ಅವಳು ಹುಲ್ಲಿಗೆ ನೀರು ಹಾಕಬೇಡಿ ಎಂದಳು, ಅವರು ಹಾಕಿದರು. ಬಕೆಟ್ಟುಗಳನ್ನು ಮಂಚದ ಕೆಳಗೆ ಬಚ್ಚಿಟ್ಟಳು, ಅವರು ಅಡುಗೆಮನೆಯ ದೊಡ್ಡ ಪಾತ್ರೆಯನ್ನೇ ಹೊತ್ತುಕೊಂಡು ಹೋದರು. ಗುರುವಾರ ಗೇಟಿಗೆ ಬೀಗ ಹಾಕಿ ಬೀಗದಕೈ ಸೆರಗಿಗೆ ಕಟ್ಟಿಕೊಂಡಳು. ನಾಲ್ಕು ಗಂಟೆಗೆ ಕಚೇರಿಯ ಕಿಟಕಿಯಿಂದ ನೋಡಿದರೆ, ಅರವತ್ತು ದಾಟಿದ ಮನುಷ್ಯ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬೇಲಿಯ ಸಂದಿಯಿಂದ ಕೈ ತೂರಿಸಿ ಚೊಂಬಿನಿಂದ ನೀರು ಎರಚುತ್ತಿದ್ದರು. ಎರಡು ಮೇಕೆಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದವು. ಅವಳಿಗೆ ಅಳು ಬಂತು. ಓಡಿಹೋಗಿ ಆ ಚೊಂಬು ಕಿತ್ತು ಬೆಟ್ಟದ ಕೆಳಗೆ ಬೀಸಿ ಒಗೆಯಬೇಕು ಅನ್ನಿಸಿತು. ಎದ್ದುಹೋಗಿ ಬೀಗ ತೆಗೆದಳು.

"ಕಣ್ಣಿಗೆ ಧೂಳು ಬೀಳುತ್ತೆ ಮಾವ. ಒಳಗೆ ಬಂದು ಹಾಕಿ," ಎಂದಳು.

ಅವರು ಒಳಗೆ ಬಂದು ಕೊನೆಯ ಚೊಂಬಿನವರೆಗೂ ಹಾಕಿದರು. ಅವತ್ತಿನ ಗರಿಷ್ಠ ಮೂವತ್ತನಾಲ್ಕೂ ಒಂಬತ್ತು. ಸಾಮಾನ್ಯ. ನಿಲ್ದಾಣದ ಹಲಗೆಯ ಮುಂದೆ ಅಂಗಡಿಯವನು ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಒಳಗೆ ಹೋದ.

*

ಶುಕ್ರವಾರ ಬೆಳಿಗ್ಗೆ ಎಂಟೂವರೆಯ ವೀಕ್ಷಣೆ ಮುಗಿಸಿ ಅವಳು ಮೇಜಿನ ಮುಂದೆ ಕೂತಳು. ಮುನ್ನೋಟದ ಹಾಳೆಯಲ್ಲಿ ಎಲ್ಲ ಭರ್ತಿಯಾಗಿತ್ತು, ಒಂದು ಜಾಗ ಖಾಲಿ. ಕಿಟಕಿಯಾಚೆ ಬೆಟ್ಟ ಒಣಹುಲ್ಲು ಹೊದ್ದು ಕೂತಿತ್ತು, ಯಾರಾದರೂ ಬೀಡಿ ಸೇದಿ ಎಸೆದರೆ ಸಾಕು.

ಮಾವ ಬರೆದುಕೊಡದಿದ್ದರೆ ಬೇಡ, ಲೆಕ್ಕದಿಂದಲೇ ತೋರಿಸುತ್ತೇನೆ ಎಂದು ಹಟ ಹುಟ್ಟಿತು. ಹುಲ್ಲು ನೆಟ್ಟ ತಿಂಗಳು ಅಂಕಿ ದಿಢೀರನೆ ಇಳಿದಿರಲೇಬೇಕು. ಅದನ್ನು ಹುಡುಕಿ ಎದುರಿಗಿಟ್ಟರೆ ಮೇಲಧಿಕಾರಿ ಏನು ಮಾಡುತ್ತಾರೋ ನೋಡೋಣ. ಕುರ್ಚಿಯ ಹಿಂದಿನ ಕಪಾಟು ತೆರೆದಳು. ಮಾವನ ಕಾಲದ ದಪ್ಪ ರಿಜಿಸ್ಟರುಗಳು ಬಟ್ಟೆಯ ಬೆನ್ನು ತೋರಿಸಿಕೊಂಡು ಸಾಲಾಗಿದ್ದವು. ನಾಲ್ಕು ವರ್ಷದಲ್ಲಿ ಅವಳು ಅವುಗಳ ಧೂಳು ಹೊಡೆದಿದ್ದಳೇ ಹೊರತು ತೆರೆದವಳಲ್ಲ. ತೆರೆಯುವ ಪ್ರಮೇಯವೂ ಇರಲಿಲ್ಲ. ತಿಂಗಳ ಕೊನೆಗೆ ಅಂಕಿಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ ಕೆಳಗೆ ಕಳಿಸುತ್ತಿದ್ದರು. ರಿಜಿಸ್ಟರು ಇಲ್ಲೇ ಉಳಿಯುತ್ತಿತ್ತು.

ಒಂಬತ್ತು ವರ್ಷದ ಹಿಂದಿನದನ್ನು ಎಳೆದು ಮೇಜಿನ ಮೇಲೆ ಬಿಡಿಸಿದಳು. ಮಾವನ ಗುಂಡು ಅಕ್ಷರ. ಬೆರಳಿಟ್ಟು ಗರಿಷ್ಠದ ಕಾಲಮ್ಮಿನಲ್ಲಿ ಕೆಳಗಿಳಿಯುತ್ತ ಹೋದವಳಿಗೆ ಸಾಲಿನ ತುದಿಯಲ್ಲಿ ಏನೋ ಕಂಡಿತು. ಕಟ್ಟಕಡೆಯ ಕಾಲಂ, ಟಿಪ್ಪಣಿ ಬರೆಯುವ ಷರಾ. ಅವಳ ರಿಜಿಸ್ಟರಿನಲ್ಲಿ ಅಲ್ಲಿ ದಿನಾ ಒಂದು ಅಡ್ಡಗೆರೆ ಇರುತ್ತಿತ್ತು, ಬರೆಯುವಂಥದ್ದು ಏನಿದೆ ಎಂದು. ಇಲ್ಲಿ ಗೆರೆ ಇರಲಿಲ್ಲ.

'ಪೆಟ್ಟಿಗೆಯ ಸುತ್ತ ಇಂದು ಹುಲ್ಲು ನೆಡಲಾಗಿದೆ. ನೀರು ಬೆಳಿಗ್ಗೆ 2 ಬಕೆಟ್, ಸಂಜೆ 2 ಬಕೆಟ್.' ಸಹಿ.

ಮರುದಿನ: 'ಹುಲ್ಲಿಗೆ 2, 2.' ಸಹಿ. ಅದರ ಮರುದಿನ, ಅದರ ಮರುದಿನ. ಅವಳು ಪುಟ ತಿರುವಿದಳು. ತಿರುವುತ್ತ ಹೋದಳು. ಒಂದು ದಿನವೂ ಬಿಟ್ಟಿರಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ಕಡೆ ಅಕ್ಷರ ಕಾಲಮ್ಮಿನಲ್ಲಿ ಹಿಡಿಸದೆ ಅಂಚಿಗೆ ಹತ್ತಿತ್ತು.

'ಪೈಪು ಒಡೆದು 4 ದಿನದಿಂದ ನೀರಿಲ್ಲ. ಹುಲ್ಲಿಗೆ ಹಾಕಿಲ್ಲ. ಗರಿಷ್ಠ ಉಷ್ಣತೆ 1.6 ಏರಿದೆ. ಆಕಾಶದಲ್ಲಿ ಬದಲಾವಣೆ ಇಲ್ಲ. ಹುಲ್ಲಿನ ಪರಿಣಾಮ ಇರಬಹುದು. ಕಚೇರಿಯ ಗಮನಕ್ಕೆ.' ಸಹಿ.

ಮುಂದಿನ ವರ್ಷ ಬೇಸಿಗೆಯಲ್ಲಿ ಇನ್ನೊಮ್ಮೆ, ಹೆಚ್ಚುಕಡಿಮೆ ಅದೇ ಮಾತು. 'ಕಚೇರಿಯ ಗಮನಕ್ಕೆ' ಎಂಬುದರ ಕೆಳಗೆ ಈ ಸಲ ಕೆಂಪು ಗೆರೆ.

ಆಮೇಲೆ ಬರೀ 'ಹುಲ್ಲಿಗೆ 2, 2.' ನಿವೃತ್ತಿಯ ದಿನದವರೆಗೆ. ಅದರ ಮರುದಿನದಿಂದ ಅಡ್ಡಗೆರೆ.

ಎರಡು ರಿಜಿಸ್ಟರು ಎದೆಗವಚಿಕೊಂಡು ಅವಳು ಮನೆಗೆ ಓಡಿದಳು. ಓಡಿದಳು ಅಂದರೆ ಓಡಿಯೇ ಹೋದಳು, ಚಪ್ಪಲಿ ಬಾಗಿಲಲ್ಲೇ ಬಿಟ್ಟು. ಮಾವ ನಡುಕೋಣೆಯಲ್ಲಿ ಕೂತು ಕಣ್ಣಿಗೆ ಔಷಧಿ ಬಿಟ್ಟುಕೊಂಡು ತಲೆ ಮೇಲೆತ್ತಿದ್ದರು.

"ಮಾವ, ನೀವು ಬರೆದಿದೀರಿ!"

"ಏನು?"

"ಷರಾದಲ್ಲಿ. ಎಲ್ಲಾ ಬರೆದಿದೀರಿ. ಗಮನಕ್ಕೆ ಅಂತಾನೂ ಬರೆದಿದೀರಿ. ಯಾಕೆ ಹೇಳಲಿಲ್ಲ ನನಗೆ? ಈ ವಾರ ಎಲ್ಲಾ ನಾನು ಹುಚ್ಚಿ ಥರ..."

"ಹೇಳಿದ್ನಲ್ಲಮ್ಮ. ದಿನಾ ಸಹಿ ಹಾಕಿದೀನಿ ಅಂತ." ಔಷಧಿ ಕೆನ್ನೆಗೆ ಇಳಿಯಿತು. ಅವರು ಒರೆಸಿಕೊಳ್ಳಲಿಲ್ಲ. "ನೀನು ಆ ಕುರ್ಚೀಲಿ ನಾಲ್ಕು ವರ್ಷದಿಂದ ಕೂತಿದೀಯಾ. ಓದಿರ್ತೀಯ ಅಂದ್ಕೊಂಡೆ."

ರಿಜಿಸ್ಟರು ಅವರ ತೊಡೆಯ ಮೇಲಿಟ್ಟಳು. ಅವರು ನೋಡಲಿಲ್ಲ. ಅವರ ಒಂದು ಕಣ್ಣು ಗೋಡೆಯ ಮೇಲಿನ ಗಾಜಿನ ಮೇಲಿತ್ತು.

"ಎರಡು ಸಲ ಬರೆದೆ," ಎಂದರು. "ತಪಾಸಣೆಗೆ ಬಂದವರು ಒಬ್ಬರೂ ಕೇಳಲಿಲ್ಲ. ಮೂರನೇ ಸಲ ಬರೀಬೇಕು ಅನ್ನೋ ಅಷ್ಟರಲ್ಲಿ ಅದು ಬಂತು." ಗಲ್ಲದಿಂದ ಪ್ರಶಸ್ತಿ ಪತ್ರದ ಕಡೆಗೆ ತೋರಿಸಿದರು. "ಆಮೇಲೆ ಆ ಮಾತು ಬರೀಲಿಲ್ಲ. ನೀರು ಹಾಕಿದ್ದು ಬರೆದೆ. ಅದರಿಂದ ಏನಾಗ್ತಿದೆ ಅನ್ನೋದು ಬರೀಲಿಲ್ಲ. ನನಗೆ ಗೊತ್ತಿತ್ತು. ಹೋದ ವರ್ಷ ಅವನ ಕೈ..." ಔಷಧಿ ಸೀಸೆಯ ಮುಚ್ಚಳ ತಿರುಗಿಸಿದರು. "ನಿಲ್ಲಿಸಿದ್ರೆ ಹುಲ್ಲು ಸತ್ತುಹೋಗುತ್ತಲ್ಲ ಅನ್ನಿಸ್ತಿತ್ತು. ಅಷ್ಟೇ. ಬೇರೆ ಏನೂ ಇಲ್ಲ."

ಅವಳು ಅವರ ಮುಂದೆ ಕೂತಳು. ಗಡಿಯಾರ ಹನ್ನೊಂದು ಕಾಲು ತೋರಿಸುತ್ತಿತ್ತು.

"ಹೋಗು," ಎಂದರು ಮಾವ. "ಹೊತ್ತಾಯ್ತು. ನನ್ನದು ಅಲ್ಲೇ ಇದೆ, ಸಹಿ ಸಮೇತ. ಈ ನಾಲ್ಕು ವರ್ಷದ್ದು ನೀನು ಬರೀಬೇಕಾಗುತ್ತೆ."

ಅದು ಅವಳಿಗೆ ದಾರಿಯಲ್ಲೇ ಹೊಳೆದಿತ್ತು. ನಾಲ್ಕು ವರ್ಷದ ಅಡ್ಡಗೆರೆಗಳ ಕೆಳಗೆ ಇದ್ದದ್ದು ಅವಳದೇ ಸಹಿ. ಕಚೇರಿಗೆ ಬಂದು ಮಾವನಿಗೆಂದು ಇಟ್ಟಿದ್ದ ಬಿಳಿ ಹಾಳೆಯಲ್ಲಿ ತಾನೇ ಬರೆದಳು: ಈ ಅವಧಿಯಲ್ಲಿ ಪೆಟ್ಟಿಗೆಯ ಸುತ್ತ ದಿನಾ ನಾಲ್ಕು ಬಕೆಟ್ ನೀರು ಹಾಕಲಾಗಿದ್ದು, ವೀಕ್ಷಕಿಯಾದ ನಾನು ಅದನ್ನು ನಮೂದಿಸಿಲ್ಲ, ಹಿಂದಿನ ವೀಕ್ಷಕರು ನಮೂದಿಸಿದ್ದನ್ನು ಓದಿಯೂ ಇಲ್ಲ. ಕೊನೆಯ ಮಾತು ಬೇಕಿರಲಿಲ್ಲ. ಆದರೂ ಬರೆದಳು.

ಹನ್ನೊಂದು ಮುಕ್ಕಾಲಿಗೆ ಮುನ್ನೋಟದ ಖಾಲಿ ಜಾಗದಲ್ಲಿ 'ಸಾಮಾನ್ಯಕ್ಕಿಂತ ಹೆಚ್ಚು' ಎಂದು ತುಂಬಿ, ಪುಟಗಳ ಫೋಟೋ ತೆಗೆದು, ಎಲ್ಲ ಕಳಿಸಿ, ಫೋನ್ ಮಾಡಿದಳು. ಮೇಲಧಿಕಾರಿ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದರು.

"ಷರಾ ಕಾಲಂ," ಎಂದರು ಕೊನೆಗೆ. "ಅದನ್ನ ಯಾರು ಓದ್ತಾರೆ ಮೇಡಂ?"

"ಯಾರೂ ಓದಿಲ್ಲ ಸರ್. ಅದನ್ನೇ ಕಳಿಸಿದೀನಿ."

"ನಿಮ್ಮಿಂದ ವಿವರಣೆ ಕೇಳಬೇಕಾಗುತ್ತೆ. ನಾಲ್ಕು ವರ್ಷದ್ದು."

"ಕೇಳಿ ಸರ್. ಮುನ್ನೋಟ?"

"ನೋಡ್ತೀನಿ."

ಸಂಜೆ ಐದಕ್ಕೆ ಮುನ್ನೋಟ ಹೊರಬಿತ್ತು. ಗಂಡ ಮೊಬೈಲಿನಲ್ಲಿ ಅದನ್ನು ಓದುತ್ತ ಬಾಗಿಲಿಗೆ ಬಂದ. 'ಬೆಟ್ಟಸೀಮೆಯಲ್ಲಿ ಬೇಸಿಗೆಯ ಮೊದಲ ಭಾಗದಲ್ಲಿ ಉಷ್ಣತೆ ಸಾಮಾನ್ಯಕ್ಕಿಂತ ತುಸು ಹೆಚ್ಚಿರುವ ಸಾಧ್ಯತೆ.'

"ತುಸು?" ಎಂದಳು ಅವಳು. "ತುಸು ಅಂತ ನಾನು ಎಲ್ಲಿ ಬರೆದೆ? ಎರಡೂ ಕಾಲು ಡಿಗ್ರಿ ತುಸುವಾ? ಇವರ ತಲೆ! ಈ ತುಸು ಎಲ್ಲಿಂದ ಬಂತು?"

"ತುಸು ಅಂದ್ರೆ ಅರ್ಧ ತಂಡ," ಎಂದ ಗಂಡ. "ಹನ್ನೆರಡು ಜನ. ಸೋಮವಾರದಿಂದ." ಈ ಸಲ ಅವನು ನಗಲಿಲ್ಲ. "ಅರ್ಧ ಬೆಟ್ಟಕ್ಕೆ ಸಾಕು ಕಣೇ. ಇನ್ನರ್ಧ ನೋಡೋಣ."

*

ಮುಂದಿನ ವಾರದ ಹೊತ್ತಿಗೆ ಹುಲ್ಲು ಹಳದಿಗೆ ತಿರುಗಿತು, ಆಮೇಲೆ ಬೂದಿ ಬಣ್ಣಕ್ಕೆ. ಬಚ್ಚಲಲ್ಲಿ ನೀಲಿ ಟಬ್ಬು ಗೋಡೆಗೆ ಒರಗಿ ನಿಂತಿತ್ತು. ಅವಳು ಬರಿ ನೆಲದ ಮೇಲೆ ಸ್ನಾನ ಮಾಡುತ್ತಿದ್ದಳು, ಆದರೆ ಯಾಕೋ ಮೊದಲಿನ ಖುಷಿ ಇರಲಿಲ್ಲ. ಕೆಳಗಿನಿಂದ ವಿವರಣೆ ಕೇಳಿದ ಪತ್ರ ಬಂತು, ಏಳು ದಿನದ ಗಡುವು.

ಗುರುವಾರ ನಾಲ್ಕು ಗಂಟೆಗೆ ಗೇಟು ಕಿರ್ ಎಂದಿತು. ಅವಳು ಪೆಟ್ಟಿಗೆಯ ಮುಂದೆ ಇದ್ದಳು, ತಿರುಗಿ ನೋಡಿದಳು. ಮಾವ ಎರಡು ಬಕೆಟ್ ತುಂಬ ನೀರು ಹಿಡಿದು ಗೇಟಿನಲ್ಲಿ ನಿಂತಿದ್ದರು. ಕಣ್ಣಿನ ಬಟ್ಟೆ ತೆಗೆದಿದ್ದರು. ಕಾಲು ತಾನಾಗಿ ನಡೆಸಿಕೊಂಡು ಬಂದಿತ್ತೋ ಏನೋ, ಅವರಿಗೇ ಈಗ ತಿಳಿದಂತಿತ್ತು. ಬಕೆಟ್ಟುಗಳನ್ನು ಗೇಟಿನ ಪಕ್ಕ ನಿಧಾನವಾಗಿ ಇಳಿಸಿದರು. ಬರಿಗೈಯಲ್ಲಿ ಬಂದು, ಬೂದಿಯಾದ ಹುಲ್ಲಿನ ಮೇಲೆ ಚರಚರ ಸದ್ದು ಮಾಡುತ್ತ, ಅವಳ ಪಕ್ಕ ನಿಂತರು.

"ಎಷ್ಟು?"

"ನೀವೇ ಓದಿ ಮಾವ."

ಅವರು ಬಗ್ಗಿದರು. ಹೊಸ ಕಣ್ಣನ್ನು ಕಿರಿದು ಮಾಡಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದರು. "ಮೂವತ್ತೇಳು ಪಾಯಿಂಟ್ ನಾಲ್ಕು," ಎಂದರು. ಬಾಗಿಲು ಮುಚ್ಚಿದರು. ತಲೆ ಎತ್ತಿ ಬೆಟ್ಟ ನೋಡಿದರು. ಒಣಹುಲ್ಲಿನ ನಡುವೆ ಕೊಯ್ದ ಪಟ್ಟಿ ಬೈತಲೆಯ ಹಾಗೆ ಮೇಲಿನಿಂದ ಇಳಿದು ಅರ್ಧಕ್ಕೆ ನಿಂತಿತ್ತು. ಅದರ ತುದಿಯಲ್ಲಿ ಸಣ್ಣ ಸಣ್ಣ ಆಳುಗಳು ಬಗ್ಗಿ ಏಳುತ್ತಿದ್ದರು. ಅವರಲ್ಲಿ ಒಬ್ಬ ಒಂದೇ ಕೈಯಿಂದ ಕುಡುಗೋಲು ಬೀಸುತ್ತಿದ್ದ.

ಅವಳು ರಿಜಿಸ್ಟರು ತೆರೆದು ಅಂಕಿ ಬರೆದಳು. ಸಾಲಿನ ತುದಿಗೆ ಬಂದು ಪೆನ್ನು ನಿಂತಿತು. ಆಮೇಲೆ ಬರೆದಳು: 'ಹುಲ್ಲಿಗೆ ನೀರು ಹಾಕಿಲ್ಲ.'

ಮಾವ ಭುಜದ ಮೇಲಿಂದ ಓದಿದರು.

"ಕಚೇರಿಯ ಗಮನಕ್ಕೆ ಅಂತ ಸೇರಿಸು."

ಅವಳು ಸೇರಿಸಿದಳು.

"ದಿನಾ ಬರಿ," ಎಂದರು. "ಕೇಳಲಿಲ್ಲ ಅಂತ ನಿಲ್ಲಿಸಬೇಡ."

ಅವಳು ಸಹಿ ಹಾಕಿದಳು. ಗೇಟಿನ ಪಕ್ಕ ಎರಡು ಬಕೆಟ್ ನೀರು ತುಂಬಿದ ಹಾಗೇ ಬಿಸಿಲಿಗೆ ಕೂತಿತ್ತು. ಒಂದು ಮೇಕೆ ಬಂದು, ಇಬ್ಬರನ್ನೂ ಒಮ್ಮೆ ನೋಡಿ, ಮೂತಿ ಇಳಿಸಿ ಕುಡಿಯತೊಡಗಿತು. ಮಾವ ಓಡಿಸಲಿಲ್ಲ.